ಹಾಶಿಂ ಸಾಹೇಬರ ಐಸ್‌ಕೋಣೆಯ ನೆಲ

ಐಸಿನ ವಿಷಯದಲ್ಲಿ ತನಗೆ ಗೊತ್ತಿಲ್ಲದ್ದು ಏನೂ ಉಳಿದಿಲ್ಲ ಎಂಬುದು ತೊಕ್ಕೊಟ್ಟಿನ ಹಾಶಿಂ ಸಾಹೇಬರ ಗಟ್ಟಿ ನಂಬಿಕೆ. ಮೀನಿನ ದೋಣಿಗಳಿಗೆ ಐಸ್ ಮಾರಿಯೇ ತಲೆ ನರೆತಿದ್ದರಿಂದ ಆ ನಂಬಿಕೆಯನ್ನು ಯಾರೂ ಕೆಣಕಲು ಹೋಗಿರಲಿಲ್ಲ. ಕೆಣಕಲು ಮಗಳೇ ಬರಬೇಕಾಯಿತು. ರಮ್ಲಾಗೆ ಮನೆಯ ಐಸ್ ಸಾಲಲಿಲ್ಲ. ಹಿಮಾಲಯಕ್ಕೆ ಹೋಗಿ ಹಿಮನದಿಯ ಮೇಲೆ ರಾಡಾರ್ ಪೆಟ್ಟಿಗೆ ಎಳೆದು, ಅಡಿಯ ಬಂಡೆಗೆ ತಾಗಿ ಮರಳುವ ಅಲೆಯಿಂದ ಐಸ್ ಎಷ್ಟು ದಪ್ಪವೆಂದು ಅಳೆದು ಬಂದಿದ್ದಳು. ಈ ವರ್ಷ ಪುನಃ ಹೊರಟಿದ್ದಳು.

"ಒಮ್ಮೆ ಅಳೆದಾಯ್ತಲ್ಲ. ಇನ್ನೆಂತ ಉಂಟು ಅಲ್ಲಿ?" ಎಂದರು ಸಾಹೇಬರು.

"ಒಂದೇ ಸಲ ಅಳೆದರೆ ಎಂತ ಗೊತ್ತಾಗ್ತದೆ ಬಾಪ? ಅದೇ ಜಾಗಕ್ಕೆ ಪುನಃ ಹೋದರೆ ಮಾತ್ರ ಕರಗಿದ್ದೆಷ್ಟು ಅಂತ ತಿಳಿಯುವುದು."

ಕಳೆದ ವರ್ಷ ಮಗಳು ಫೋನಿಗೆ ಸಿಗದ ದಿನಗಳಲ್ಲಿ ಸಾಹೇಬರು ಫೋನನ್ನು ಕೈಯಿಂದ ಕೆಳಗಿಟ್ಟಿರಲಿಲ್ಲ. ಹೆದರಿಕೆ, ಅಷ್ಟೇ. ಅದನ್ನು ಬಾಯಿಬಿಟ್ಟು ಹೇಳಿದರೆ ಐಸ್ ವ್ಯಾಪಾರಿಯ ಮರ್ಯಾದೆ ಏನಾದೀತು? ಹಾಗಾಗಿ ಹಂಪನಕಟ್ಟೆಯ ಕಡೆ ಯಾವುದೋ ಕಾಲೇಜಿನಲ್ಲಿ ಖಾಲಿಯಿರುವ ಕೆಲಸದ ಗುಣಗಾನ ಶುರುಮಾಡಿದ್ದರು. ಒಂದೇ ಬಸ್ಸು, ಹತ್ತಿದರೆ ಸಾಕು.

ಮಳೆಗಾಲದ ಮೀನುಗಾರಿಕೆ ನಿಷೇಧಕ್ಕೆ ಟ್ರಾಲ್ ದೋಣಿಗಳು ದಡ ಸೇರಿದ್ದವು, ಸಾಹೇಬರ ಐಸ್ ಪ್ಲಾಂಟು ಸುಮ್ಮನಿತ್ತು. ರಮ್ಲಾ ಪರೀಕ್ಷೆಗೆಂದು ಚಿಕ್ಕ ರಾಡಾರೊಂದನ್ನು ಐಸ್‌ಕೋಣೆಯೊಳಗೆ, ಮೇಲ್ಭಾಗ ಸಮನಾಗಿ ಪೇರಿಸಿಟ್ಟ ಐಸಿನ ಮೇಲೆ ಎಳೆದಳು. ಬಾಗಿಲ ಬಳಿ ಐಸಿನ ದಪ್ಪ ಆರು ಅಡಿ ತೋರಿಸಿತು. ನಡುವೆ ಏಳೂವರೆ.

"ನಿನ್ನ ಯಂತ್ರಕ್ಕೆ ಶೀತ ಆಗಿದೆ ಮಾರಾಯ್ತಿ. ನೆಲ ಸಮ ಉಂಟು. ನನ್ನ ಬಾಪ ಮಟ್ಟ ನೋಡಿ ಹಾಸಿಸಿದ ಮುರಕಲ್ಲು ಅದು."

"ನೀವು ಆ ನೆಲ ನೋಡಿದ್ದು ಯಾವಾಗ?"

ಪ್ರಶ್ನೆ ಸ್ವಲ್ಪ ಚುಚ್ಚಿತು. ಐಸ್‌ಕೋಣೆಯನ್ನು ಪೂರಾ ಖಾಲಿ ಮಾಡಬಾರದು, ತಳದ ಹಾಸು ಹೊಸ ಐಸಿನ ತಂಪು ಕಾಯುತ್ತದೆ ಎಂಬುದು ತಂದೆ ಹಾಕಿಕೊಟ್ಟ ಪದ್ಧತಿ. ಸಾಹೇಬರೂ ಅದನ್ನು ಚಾಚೂ ತಪ್ಪದೆ ನಡೆಸಿಕೊಂಡು ಬಂದಿದ್ದರಿಂದ ಆ ನೆಲವನ್ನು ಅವರು ಕೊನೆಯದಾಗಿ ಕಂಡದ್ದು ಚಡ್ಡಿ ಹಾಕುವ ವಯಸ್ಸಿನಲ್ಲಿ.

"ಖಾಲಿ ಮಾಡಿಸ್ತೇನೆ. ಸಮ ಇದ್ದರೆ ನೀನು ಕಾಲೇಜಿಗೆ ಸೇರಬೇಕು. ಗುಂಡಿ ಇದ್ದರೆ ಹೋಗು, ನಾನು ತುಟಿ ಬಿಚ್ಚುವುದಿಲ್ಲ."

ಪಂಥ ಕಟ್ಟುವುದು ಹರಾಮ್ ಆದ್ದರಿಂದ ಇದಕ್ಕೆ ಒಪ್ಪಂದ ಎಂದು ಹೆಸರಿಟ್ಟರು. ಸಾಕ್ಷಿಗೆ ಸಾಹೇಬರ ತಾಯಿ ಅಲೀಮಮ್ಮ ಬಂದರು. "ತುಟಿ ಬಿಚ್ಚದೆ ಇವನು ಎಷ್ಟು ಹೊತ್ತು ಇರ್ತಾನೆ ಅಂತ ನನಗೂ ನೋಡ್ಲಿಕ್ಕುಂಟು," ಎಂದು ಕುರ್ಚಿ ಹಾಕಿಸಿಕೊಂಡರು.

ಐಸ್ ಮದುವೆಮನೆಗಳಿಗೂ ನಾಡದೋಣಿಯವರಿಗೂ ಹೋಯಿತು. ತಳದ ಹಾಸನ್ನೂ ಹಾರೆಯಿಂದ ಒಡೆದು ಹೊರಗೆಸೆದರು. ಸಾಹೇಬರು ಲುಂಗಿ ಎತ್ತಿಕಟ್ಟಿ ಠೀವಿಯಿಂದ ಒಳನಡೆದರು. ನಡುವಿಗೆ ಬಂದವರು ತಣ್ಣೀರಿನಲ್ಲಿ ಮೊಣಕಾಲವರೆಗೆ ಇಳಿದು ನಿಂತರು. ಅಲೀಮಮ್ಮನಿಗೆ ನಗು ತಡೆಯಲಾಗಲಿಲ್ಲ.

ರಮ್ಲಾ ಒಡೆದ ಐಸಿನ ಚೂರೊಂದನ್ನು ಮಗುಚಿ ತೋರಿಸಿದಳು. ಅಡಿಯೆಲ್ಲ ಮರಳು, ತುರಿಮಣೆಯಂತೆ ಒರಟು. "ಕೆಲಸದವರು ಜಾರಬಾರದು ಅಂತ ನೀವು ಮರಳು ಹಾಕಿಸ್ತೀರಲ್ಲ, ಅದು ಕರಗಿದ ನೀರಿನ ಜೊತೆ ಅಡಿಗಿಳಿದು ಐಸಿಗೆ ಅಂಟಿದೆ. ಹಿಂದಿನಿಂದ ಹೊಸ ಗಡ್ಡೆ ನೂಕಿದಾಗೆಲ್ಲ ತಳದ ಹಾಸು ಬಾಗಿಲ ಕಡೆ ಜಾರುತ್ತಾ ಈ ಮೆದು ಮುರಕಲ್ಲನ್ನು ತೇದಿದೆ. ಹಿಮನದಿ ಬೆಟ್ಟಕ್ಕೆ ಮಾಡುವುದೂ ಇದನ್ನೇ. ಐಸ್ ಹೋದ ಮೇಲೆ ಅಲ್ಲಿ ಕೆರೆ ಆಗ್ತದೆ."

"ಕೆರೆಯಲ್ಲೇ ನಿಂತಿದ್ದೇನೆ, ಪುನಃ ಪಾಠ ಬೇಡ," ಎಂದರು ಸಾಹೇಬರು. ಆಮೇಲೆ ಕೊಟ್ಟ ಮಾತಿನಂತೆ ತುಟಿ ಹೊಲಿದುಕೊಂಡರು. ಕಾಲೇಜಿನ ಸುದ್ದಿಯಿಲ್ಲ, ಬಸ್ಸಿನ ಸುದ್ದಿಯೂ ಇಲ್ಲ. ಮನೆಯವರಿಗೆ ಆ ಮೌನವೇ ಹೆಚ್ಚು ಭಾರವಾಯಿತು.

ರಮ್ಲಾ ಹೊರಡುವ ಬೆಳಿಗ್ಗೆ ಮೇಸ್ತ್ರಿ ಜಯಪಾಲ ಸಿಮೆಂಟು ತಂದಿಳಿಸಿದ. ಗುಂಡಿ ಮುಚ್ಚಿಸಲು ಅವನನ್ನು ಕರೆಸಿದ್ದು ಅಲೀಮಮ್ಮ. ಸಾಹೇಬರು ಬಾಗಿಲಿಗೆ ಅಡ್ಡ ನಿಂತರು.

"ಮುಚ್ಚುವುದು ಬೇಡ."

"ಇದೆಂತ ಮಾರಾಯ? ಯಾರಾದರೂ ಬಿದ್ದರೆ?" ಎಂದರು ಅಲೀಮಮ್ಮ.

"ಬೀಳುವುದಿಲ್ಲ, ಐಸ್ ತುಂಬಿಸ್ತೇನೆ. ಇದನ್ನು ಅಳೆದದ್ದು ಒಂದೇ ಸಲ. ಒಂದೇ ಸಲ ಅಳೆದರೆ ಎಂತ ಗೊತ್ತಾಗ್ತದೆ? ಬರುವ ಮಳೆಗಾಲಕ್ಕೆ ಪುನಃ ಅಳೆಯಬೇಕು." ಸಾಹೇಬರು ಮಗಳ ಕಡೆ ನೋಡಲಿಲ್ಲ. "ಅಳೆಯುವವಳು ಬರಬೇಕಲ್ಲ."

ರಿಕ್ಷಾಕ್ಕೆ ಏರಿಸಿದ್ದ ಚೀಲವನ್ನು ಬಿಟ್ಟು ರಮ್ಲಾ ಇಳಿದು ಬಂದು ತಂದೆಯ ಕೈ ಹಿಡಿದುಕೊಂಡಳು.

"ಬರ್ತೇನೆ ಬಾಪ."