ನಲವತ್ತೊಂದನೆಯ ಪುಟ

ಹೊಸ ಚೀಟಿ ಅಂಟಿಸುವುದಕ್ಕಿಂತ ಹಳೆಯ ಚೀಟಿ ಕೀಳುವುದೇ ಕಷ್ಟ. ಒದ್ದೆ ಬಟ್ಟೆ ಹಾಸಿ, ಅಂಟು ನೆನೆಯುವ ತನಕ ಕಾದು, ಮೊಂಡು ಚಾಕುವಿನಿಂದ ಮೂಲೆಯನ್ನು ಮೆಲ್ಲಗೆ ಎಬ್ಬಿಸಬೇಕು. ಆತುರಪಟ್ಟರೆ ಕಾಗದವೇ ಕಿತ್ತು ಬರುತ್ತದೆ. ಅಂಟಕ್ಕ ಆತುರದ ಹೆಂಗಸಲ್ಲ. ಪುಸ್ತಕ ಬಾಡಿಗೆಗೆ ಕೊಡುವ ಅಂಗಡಿಯ ಹಿಂದಿನ ಕೋಣೆಯಲ್ಲಿ ಹನ್ನೊಂದು ವರ್ಷದಿಂದ ಹರಿದದ್ದನ್ನು ಹೊಲಿದು, ರಟ್ಟು ಕಟ್ಟಿ, ಕೊನೆಯ ಪುಟದ ಮೇಲೆ ತಾರೀಖಿನ ಚೀಟಿ ಹಚ್ಚುತ್ತ ಬಂದವಳು. ಬೆರಳ ತುದಿಯಲ್ಲಿ ಸದಾ ಅಂಟು ಒಣಗಿರುತ್ತಿದ್ದರಿಂದ ಓದುಗರು ಕರೆದದ್ದೇ ಹೆಸರಾಗಿ ನಿಂತಿತ್ತು.

ಅಂದು ಮಧ್ಯಾಹ್ನ ಕೈಗೆ ಬಂದದ್ದು ದೊರೆಗಳ ಕಾದಂಬರಿ ಮಾಲೆಯ ಇಪ್ಪತ್ತನೆಯ ಪುಸ್ತಕ. ಇನ್ನೂರು ವರ್ಷದ ಹಿಂದಿನ ಕಥೆ: ಸಾರೋಟು, ಮೇಣದ ದೀಪದ ಗೊಂಚಲು, ಬಿಳಿ ಕೈಗವಸು ತೊಟ್ಟು ಕುಣಿಯುವ ಜನ. ಅಂಗಡಿಯ ಅರ್ಧ ಓದುಗರು ಬರುತ್ತಿದ್ದುದೇ ಅದಕ್ಕೆ. ನಾಲ್ಕೇ ವಾರದಲ್ಲಿ ಚೀಟಿ ತುಂಬಿ, ಪುಸ್ತಕದ ಬೆನ್ನು ಬಿಟ್ಟುಕೊಂಡಿತ್ತು.

ಚೀಟಿ ಎದ್ದಿತು. ಅದರಡಿಯಲ್ಲಿ ಅಚ್ಚಿನ ಸಾಲುಗಳಿದ್ದವು. ಬರೆದವಳು ಮಾಲೆಯ ಕಾದಂಬರಿಕಾರ್ತಿಯೇ.

‘ಮಾಲೆ ಇಲ್ಲಿಗೆ ಮುಗಿಯಿತು. ನನಗಿನ್ನು ಒಂದೇ ಪುಸ್ತಕ ಬರೆಯುವಷ್ಟು ಕಸುವಿದೆ. ಈ ಇಪ್ಪತ್ತರಲ್ಲಿ ಬಂದುಹೋದವರಲ್ಲಿ ಯಾರ ಕಥೆ ಬರೆಯಲಿ? ಯಾಕೆ? ನೀವೇ ತಿಳಿಸಿ. ಈ ಪುಸ್ತಕ ಹೊರಬಂದ ತಿಂಗಳ ಮೂವತ್ತರವರೆಗಿನ ಅಂಚೆ ಮುದ್ರೆ ಬಿದ್ದ ಪ್ರತಿ ಪತ್ರವನ್ನೂ ಓದುತ್ತೇನೆ.’

ಅಂಟಕ್ಕ ಕ್ಯಾಲೆಂಡರ್ ನೋಡಿದಳು. ಮೂವತ್ತು. ಗಡಿಯಾರ ನೋಡಿದಳು. ಮೂರು ಗಂಟೆ ಹತ್ತು ನಿಮಿಷ. ನಾಲ್ಕಕ್ಕೆ ಅಂಚೆ ಕಚೇರಿಯ ಕಿಟಕಿ ಮುಚ್ಚುತ್ತದೆ. ಇಡೀ ಬೀದಿಯ ಓದುಗರಿಗೆ ಈ ಸಾಲು ಕಾಣದ ಹಾಗೆ ಚೀಟಿ ಬಡಿದ ಪುಣ್ಯಾತ್ಗಿತ್ತಿ ಯಾರು ಎಂದು ಬಯ್ಯಲು ಬಾಯಿ ತೆರೆದವಳು ತನ್ನ ಬೆರಳು ನೋಡಿಕೊಂಡು ಸುಮ್ಮನಾದಳು.

ದಾರದ ಉಂಡೆಗಳ ಡ್ರಾಯರಿನ ತಳದಲ್ಲಿ ಆರು ವರ್ಷದಿಂದ ಒಂದು ಪತ್ರ ಮಲಗಿತ್ತು. ಅದೇ ಕಾದಂಬರಿಕಾರ್ತಿಗೆ ಬರೆದದ್ದು.

ಆ ಮಾಲೆಯ ಪ್ರತಿ ಪುಸ್ತಕದಲ್ಲೂ ದೊರೆಗೊಬ್ಬಳು ಇಟ್ಟುಕೊಂಡವಳು ಇರುತ್ತಾಳೆ. ಮೂರನೆಯ ಅಧ್ಯಾಯದಲ್ಲಿ ದೊರೆ ಬೇರೆ ಹುಡುಗಿಯನ್ನು ಮೆಚ್ಚಿ, ಇವಳಿಗೊಂದು ಪಚ್ಚೆಯ ಹಾರ ಕೊಟ್ಟು ಕೈ ತೊಳೆದುಕೊಳ್ಳುತ್ತಾನೆ. ಇವಳು ಹೂದಾನಿ ಎಸೆದು ಒಡೆಯುತ್ತಾಳೆ. ಆಮೇಲೆ ಒಮ್ಮೆ ಬಂದು ಆ ಹುಡುಗಿಯ ಕಿವಿ ಊದಿ, ಸಾರೋಟು ಹತ್ತಿ, ತಿರುವಿನಲ್ಲಿ ಮಾಯ. ಮುಂದೆ ಅವಳು ಉಂಡಳೋ ಬಿಟ್ಟಳೋ, ಕೇಳುವವರಿಲ್ಲ. ‘ತಿರುವು ದಾಟಿದ ಮೇಲೆ ಅವಳೆಲ್ಲಿಗೆ ಹೋದಳು?’ ಎಂದು ಅಂಟಕ್ಕ ಎರಡು ಪುಟ ಬರೆದಿದ್ದಳು. ಕೊನೆಯ ಸಾಲು ಮಾತ್ರ ಅರ್ಧಕ್ಕೇ ನಿಂತಿತ್ತು: ‘ಇದೆಲ್ಲ ನನಗೆ ಹೇಗೆ ಗೊತ್ತೆಂದರೆ...’

ಹೇಗೆ ಗೊತ್ತು ಎಂದು ಬರೆದರೆ ಹೆಸರು ಹಾಕಬೇಕು, ಅಂಗಡಿಯ ವಿಳಾಸ ಹಾಕಬೇಕು. ಉತ್ತರ ಬಂದರೆ ಮೊದಲು ಒಡೆದು ಓದುವವಳು ಅಂಗಡಿಯ ಒಡತಿ ದೊಡ್ಡಮ್ಮ. ಗಂಡ ಸತ್ತವಳು ಎಂದು ನಂಬಿ ಕೆಲಸ ಕೊಟ್ಟಿದ್ದವಳು. ಈ ಕೋಣೆ, ಈ ಕೆಲಸ, ಬೀದಿಯಲ್ಲಿ ಸಿಗುವ ನಮಸ್ಕಾರ, ಎಲ್ಲವೂ ಆ ಒಂದು ಸುಳ್ಳಿನ ಮೇಲೆ ನಿಂತಿದ್ದವು.

ಅಂಟಕ್ಕ ಪತ್ರವನ್ನೂ ಬಿಟ್ಟುಕೊಂಡ ಪುಸ್ತಕವನ್ನೂ ಹಿಡಿದು ಮುಂದಿನ ಕೋಣೆಗೆ ನುಗ್ಗಿದಳು. ದೊಡ್ಡಮ್ಮನ ಮೇಜಿಗೆ ಒರಗಿ ವಕೀಲರ ಹೆಂಡತಿ ನಿಂತಿದ್ದಳು.

“ಆಯ್ತಾ ಅದು? ನನಗೆ ಇನ್ನೊಂದ್ಸಲ ಬೇಕು,” ಎಂದಳು ವಕೀಲರ ಹೆಂಡತಿ.

“ಹೋದ ವಾರ ತಾನೇ ಓದಿದ್ರಿ,” ಎಂದಳು ದೊಡ್ಡಮ್ಮ.

“ಮದುವೆ ಭಾಗ ಇನ್ನೊಮ್ಮೆ ಓದೋಣ ಅಂತ. ಆ ಇಟ್ಕೊಂಡವಳ ಪುಟ ಬಂದ್ರೆ ನಾನು ಮಗುಚಿಬಿಡ್ತೀನಪ್ಪ. ಥೂ, ಅಂಥವರನ್ನ ಓದೋದೂ ಪಾಪ.”

“ದೊಡ್ಡಮ್ಮಾ, ಇಲ್ಲಿ ನೋಡಿ,” ಎಂದು ಅಂಟಕ್ಕ ಕೊನೆಯ ಪುಟ ತೋರಿಸಿದಳು. “ಇವತ್ತೇ ಕೊನೇ ದಿನ. ಯಾರ ಕಥೆ ಬೇಕು ಅಂತ ಕೇಳ್ತಿದ್ದಾರೆ.”

“ದೊರೆಯ ತಮ್ಮಂದು!” ವಕೀಲರ ಹೆಂಡತಿ ಕೂಗಿದಳು.

“ಆ ಪೆಕರಂದಾ? ಅವನಿಗೆ ಕುದುರೆ ಬಿಟ್ರೆ ಮಾತೇ ಬರಲ್ಲ,” ಎಂದಳು ದೊಡ್ಡಮ್ಮ.

ಅಂಟಕ್ಕ ಪತ್ರವನ್ನು ಮೇಜಿನ ಮೇಲಿಟ್ಟಳು. ಪುಸ್ತಕದ ಬೆನ್ನನ್ನು ಮೇಜಿನ ಮೇಲೂರಿ, ನೆಟ್ಟಗೆ ನಿಲ್ಲಿಸಿ, ಎರಡೂ ಕೈ ಬಿಟ್ಟಳು. ಹಾಳೆಗಳು ಎರಡು ಪಾಲಾಗಿ ಬಿದ್ದು ಪುಸ್ತಕ ತಾನಾಗಿ ತೆರೆದುಕೊಂಡಿತು. ಕಪಾಟಿನಿಂದ ಮಾಲೆಯ ಇನ್ನೊಂದನ್ನು ತೆಗೆದು ಹಾಗೆಯೇ ಬಿಟ್ಟಳು. ಮತ್ತೊಂದು. ಮಗದೊಂದು.

“ಇದೇನೇ ಆಟ?” ಎಂದಳು ದೊಡ್ಡಮ್ಮ.

“ಹೆಚ್ಚು ಓದಿದ ಕಡೆ ಹೊಲಿಗೆ ಸಡಿಲ ಆಗುತ್ತೆ. ಬಿಟ್ರೆ ಪುಸ್ತಕ ಅಲ್ಲೇ ಬಾಯಿ ಬಿಡುತ್ತೆ. ಯಾವ ಪುಟ ಅಂತ ನೀವೇ ನೋಡಿ.”

ದೊಡ್ಡಮ್ಮ ಕನ್ನಡಕ ಏರಿಸಿದಳು. ಮೊದಲನೆಯದರಲ್ಲಿ ಪಚ್ಚೆಯ ಹಾರ. ಎರಡನೆಯದರಲ್ಲಿ ಪಚ್ಚೆಯ ಹಾರ. ಮೂರನೆಯದರಲ್ಲಿ ಹೂದಾನಿ. ನಾಲ್ಕನೆಯದರಲ್ಲಿ ಅವಳು ಒಬ್ಬಳೇ ಕಿಟಕಿಯ ಬಳಿ. ಅಂಚುಗಳೆಲ್ಲ ಬೆರಳ ಕೊಳೆ ಮೆತ್ತಿ ಕಪ್ಪಾಗಿದ್ದವು.

“ಮದುವೆ ಪುಟ ನಾನು ಒಂದು ಸಲವೂ ಹೊಲಿದಿಲ್ಲ. ಹೊಸದಾಗಿ ಬಂದ ಹಾಗೇ ಇರುತ್ತೆ,” ಎಂದಳು ಅಂಟಕ್ಕ. “ಈ ಇಪ್ಪತ್ತನೇ ಪುಸ್ತಕದಲ್ಲಿ ನಲವತ್ತೊಂದನೇ ಪುಟ. ಮೇಲೆ ಕಾಫಿ ಕಪ್ಪಿನ ತಳದ ಗುರುತು ಬೇರೆ ಇದೆ.”

ದುಂಡನೆಯ ಕಂದು ಕಲೆ ಮೂವರನ್ನೂ ನೋಡುತ್ತಿತ್ತು. ವಕೀಲರ ಹೆಂಡತಿ ಕಪ್ಪಿಲ್ಲದೆ ಓದುವುದಿಲ್ಲ ಎಂಬುದು ಬೀದಿಗೇ ಗೊತ್ತಿತ್ತು. ಅವಳ ಮುಖ ಕೆಂಪೇರಿತು.

“ಮಗುಚೋವಾಗ ಕಪ್ಪು ಇಟ್ಟಿರಬಹುದು,” ಎಂದಳು.

“ಸರಿ, ಇವಳ ಕಥೆ ಬರೀಲಿ ಅಂತ ನಿನಗ್ಯಾಕೆ ಇಷ್ಟು ಉರಿ?” ಎಂದಳು ದೊಡ್ಡಮ್ಮ.

ಗಡಿಯಾರ ಮೂರೂವರೆ ದಾಟಿತ್ತು. ಈಗ ಹೇಳದಿದ್ದರೆ ಇನ್ನು ಹೇಳಿ ಫಲವಿರಲಿಲ್ಲ.

“ನಾನು ಹದಿನಾಲ್ಕು ವರ್ಷ ಅಂಥವಳಾಗಿದ್ದೆ. ನನಗೆ ಮದುವೆ ಆಗಿಲ್ಲ ದೊಡ್ಡಮ್ಮಾ. ಗಂಡ ಸತ್ತ ಅಂದಿದ್ದು ಸುಳ್ಳು. ಅದನ್ನ ಬರೆಯೋಕಾಗದೆ ಅವರಿಗೆ ಬರೆದ ಈ ಪತ್ರ ಅರ್ಧಕ್ಕೇ ನಿಂತಿದೆ.”

ದೊಡ್ಡಮ್ಮ ಕುರ್ಚಿ ಹಿಂದೆ ತಳ್ಳಿ ಎದ್ದಳು.

“ಹನ್ನೊಂದು ವರ್ಷ! ಹನ್ನೊಂದು ವರ್ಷ ನಿನ್ನ ಮೇಲೆ ಅಯ್ಯೋ ಪಾಪ ಅಂದಿದ್ದೀನಲ್ಲೇ! ನನ್ನ ಗಂಡ ಸತ್ತಾಗ ನಿನ್ನ ಹೆಗಲ ಮೇಲೆ ಅತ್ತೆ, ನಿನಗೆ ಗೊತ್ತಿರೋ ನೋವು ಅಂತ!”

“ಆ ನೋವು ನನಗೂ ಗೊತ್ತಿತ್ತು ದೊಡ್ಡಮ್ಮಾ. ಅದು ಸುಳ್ಳಲ್ಲ.”

ದೊಡ್ಡಮ್ಮ ಕಿಟಕಿಯ ಕಡೆ ಮುಖ ತಿರುಗಿಸಿ ನಿಂತಳು. ಅಂಟಕ್ಕ ಮೇಜಿನ ಮೇಲಿನ ಪುಸ್ತಕಗಳನ್ನು ಒಂದೊಂದಾಗಿ ಮುಚ್ಚಿ ಜೋಡಿಸತೊಡಗಿದಳು. ಕೊನೆಯದು ಮುಚ್ಚುವಷ್ಟರಲ್ಲಿ ಕಿಟಕಿಯ ಕಡೆಯಿಂದ ಸಿಡುಕಿನ ದನಿ ಬಂತು.

“ಹಾರ ಕೊಟ್ಟನಾ?”

“ಎಲ್ಲಿಯ ಹಾರ? ಕೊಡೆ ಮರೆತು ಹೋದ.”

“ನೀನೇನು ಎಸೆದೆ?” ವಕೀಲರ ಹೆಂಡತಿ ಮೇಜಿನ ಮೇಲೆ ಅರ್ಧ ಬಗ್ಗಿದ್ದಳು.

“ಎಸೆಯೋಕೆ ಪುರುಸೊತ್ತೆಲ್ಲಿತ್ತು? ಇನ್ನು ಬರೋದಿಲ್ಲ ಅಂತ ಹೇಳಿದಾಗ ಒಲೆ ಮೇಲೆ ಹಾಲಿತ್ತು. ಉಕ್ಕದ ಹಾಗೆ ನೋಡ್ಕೊಂಡೆ. ಆಮೇಲೆ ಕೆಲಸ ಹುಡುಕಿದೆ. ಕೊಡೆ ಇನ್ನೂ ಇದೆ, ಚೆನ್ನಾಗಿದೆ.”

ದೊಡ್ಡಮ್ಮ ತಿರುಗಿದಳು. ಕಣ್ಣು ಕೆಂಪಾಗಿತ್ತು; ಸಿಟ್ಟು ಪೂರ್ತಿ ಇಳಿದಿರಲಿಲ್ಲ. “ನಿನ್ನ ಜೊತೆ ನನಗೆ ಇನ್ನೂ ಜಗಳ ಇದೆ. ನಾಳೆ ಬೆಳಿಗ್ಗೆ ಬೇಗ ಬಾ, ಆಡ್ತೀನಿ. ಈಗ ಆ ಪತ್ರ ಮುಗಿಸು. ಹಾಲಿನ ವಿಷಯ ಬರಿ. ಇಪ್ಪತ್ತು ಪುಸ್ತಕದಲ್ಲಿ ಒಂದು ಒಲೆ ಇಲ್ಲ, ಒಂದು ಹಾಲಿಲ್ಲ!”

ನಾಳೆ ಬಾ ಎಂದಳಲ್ಲ! ಅಂಟಕ್ಕ ನಿಂತಲ್ಲೇ ಪೆನ್ನು ಕಿತ್ತುಕೊಂಡು ಅರ್ಧಕ್ಕೆ ನಿಂತ ಸಾಲನ್ನು ಪೂರ್ತಿ ಮಾಡಿದಳು. ಹಾಲು ಬರೆದಳು, ಕೊಡೆ ಬರೆದಳು, ಪುಸ್ತಕಗಳು ತಾವಾಗಿ ಎಲ್ಲಿ ತೆರೆದುಕೊಳ್ಳುತ್ತವೆ ಎಂಬುದನ್ನೂ ಬರೆದಳು.

“ನನ್ನ ಹೆಸರು ಹಾಕ್ಬೇಡ ಮತ್ತೆ,” ಎಂದಳು ವಕೀಲರ ಹೆಂಡತಿ. ತುಸು ತಡೆದು, “ಆದ್ರೆ ಪುಟ ನಲವತ್ತೊಂದು ಅಂತ ಬರಿ. ಕಪ್ಪಿನ ಗುರುತು ಇದೆ ಅಂತಾನೂ ಬರಿ.”

ಕೊನೆಗೆ ಅಂಟಕ್ಕ ಎಂದಲ್ಲ, ತಾಯಿ ಇಟ್ಟ ಹೆಸರನ್ನು ಬರೆದು, ಅಂಗಡಿಯ ವಿಳಾಸ ಹಾಕಿದಳು. ಲಕೋಟೆಯನ್ನು ತನ್ನ ಅಂಟಿನಿಂದಲೇ ಮುಚ್ಚಿ, ಯಾರೂ ಸುಲಭಕ್ಕೆ ಕೀಳದಂತೆ ಮುಷ್ಟಿಯಿಂದ ಒತ್ತಿದಳು.

ಬೀದಿಯಲ್ಲಿ ಓಡಿ ಎಷ್ಟು ವರ್ಷವಾಗಿತ್ತೋ! ಸೆರಗು ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿ ಪಟಪಟ ಬಡಿಯುತ್ತ, ಬೀಗದ ಅಂಗಡಿ ದಾಟಿ, ದರ್ಜಿಯ ಅಂಗಡಿ ದಾಟಿ, ತಿರುವಿನಲ್ಲಿ ಸೈಕಲ್ಲಿನವನಿಂದ ಬಯ್ಸಿಕೊಂಡು ನಗುತ್ತ ಓಡಿದಳು. ಅಂಚೆ ಗುಮಾಸ್ತ ಕಿಟಕಿಯ ಬಾಗಿಲಿಗೆ ಕೈ ಹಾಕಿದ್ದ.

“ನಾಳೆ ಬನ್ನಿ ಅಮ್ಮಾ.”

“ಆರು ವರ್ಷದಿಂದ ನಾಳೆ ನಾಳೆ ಅಂತಾನೇ ಇದ್ದೀನಪ್ಪಾ. ಇವತ್ತಿನ ಮುದ್ರೆ ಹಾಕು. ನನ್ನ ಕಣ್ಣೆದುರೇ ಹಾಕು.”

ಗುಮಾಸ್ತ ಅವಳ ಏದುಸಿರು ನೋಡಿದ, ಗಡಿಯಾರ ನೋಡಿದ, ಮುದ್ರೆಯನ್ನು ಮಸಿಗೆ ಒತ್ತಿ ಲಕೋಟೆಯ ಮೇಲೆ ಧಡ್ ಎಂದು ಬಡಿದ. ಮೂವತ್ತು ಎಂಬುದು ಹಸಿಹಸಿಯಾಗಿ ಮಿನುಗಿತು. ಲಕೋಟೆ ಅವನ ಕೈಯಿಂದ ಹಿಂದಿನ ಚೀಲಕ್ಕೆ ಬಿತ್ತು.