ಹಾಜರಿ ಹಾಳೆ

"ಸುಮ್ನೆ ಒಂದು ಸಹಿ ಹಾಕಕ್ಕ. ಬಂದಿದ್ದೀಯ ಅಂತ ಗೊತ್ತಾಗ್ಲಿ, ಅಷ್ಟೆ," ಎನ್ನುತ್ತ ಪುರಸಭೆಯ ಗುಮಾಸ್ತ ಪೆನ್ನನ್ನು ಅಕ್ಕನ ಕೈಗೆ ತುರುಕಿದ. ನೀರು ಇಳಿದಾಗಲೆಲ್ಲ ಕೊಲ್ಲಿಯ ಕೆಸರಿಗಿಳಿದು, ಚಿಪ್ಪು ಆಯ್ದು ಮಾರಿಯೇ ಅವಳು ಅವನನ್ನು ಓದಿಸಿದ್ದು. ಸೀಳುಬಿಟ್ಟ ಬೆರಳುಗಳಲ್ಲಿ ಪೆನ್ನು ಹಿಡಿದು, ಅಕ್ಷರಕ್ಕೊಮ್ಮೆ ಉಸಿರು ಬಿಡುತ್ತ ಹೆಸರು ಬರೆದಳು. ಅವಳ ಹಿಂದೆ ನಲವತ್ತು ಹೆಂಗಸರು ಬರೆದರು. ಇವಳ ತಮ್ಮ ಪುರಸಭೆಯೊಳಗೇ ಇದ್ದಾನಲ್ಲ ಎಂಬ ಧೈರ್ಯ ಅವರಿಗೆ.

ಕೊಲ್ಲಿಯ ಯೋಜನೆಗೆ ಜನರ ಅಭಿಪ್ರಾಯ ಕೇಳಲು ಕರೆದ ಸಭೆಯಲ್ಲಿ ಅಕ್ಕ ಎದ್ದು ನಿಂತಳು. "ಸಾಹುಕಾರರ ದೋಣಿ ನಿಲ್ಸೋಕೆ ಕೆಸರಿಗೆಲ್ಲ ಮಣ್ಣು ತುಂಬ್ತೀರಿ. ಆಮೇಲೆ ನಾವೇನು ಆ ಮಣ್ಣೇ ತಿನ್ಬೇಕಾ?"

ಜನ ಗೊಳ್ಳೆಂದರು. ಅಧ್ಯಕ್ಷರೂ ಹೊಟ್ಟೆ ಕುಲುಕಿಸಿ ನಕ್ಕರು. ಗುಮಾಸ್ತ ಒಂದಕ್ಷರ ಬಿಡದೆ ಬರೆದುಕೊಂಡ. ಅಂದು ಅವನಿಗೆ ಅಕ್ಕನ ಬಗ್ಗೆ ಹೆಮ್ಮೆಯೆನಿಸಿತ್ತು.

ಮೂರನೆಯ ದಿನ ಮುಖ್ಯಾಧಿಕಾರಿ ಕರೆದರು. ಅವರ ಮೇಜಿನ ಮೇಲೆ ಅವನು ಬರೆದುಕೊಂಡದ್ದು ಯಾವುದೂ ಇರಲಿಲ್ಲ. ಇದ್ದದ್ದು ಹಾಜರಿ ಹಾಳೆ ಮಾತ್ರ.

"ಇದರ ಮೇಲ್ಗಡೆ 'ಯೋಜನೆಗೆ ನಮ್ಮ ಒಪ್ಪಿಗೆ ಇದೆ' ಅಂತ ಒಂದು ಸಾಲು ಸೇರ್ಸಿಬಿಡಿ. ನಿಮ್ಮ ಅಕ್ಷರ ಚೆನ್ನಾಗಿದೆ."

"ಸರ್, ಅವರೆಲ್ಲ ಬೇಡ ಅನ್ನೋಕೆ ಬಂದೋರು."

"ಬಂದ್ರಲ್ಲ, ಸಾಕು. ಅಂದಹಾಗೆ, ನಿಮ್ಮ ಕೆಲಸ ಇನ್ನೂ ಕಾಯಂ ಆಗಿಲ್ಲ ಅಲ್ವಾ?"

ಗುಮಾಸ್ತ ಹಾಳೆಯನ್ನು ತನ್ನತ್ತ ಎಳೆದುಕೊಂಡ. ಮೇಲ್ತುದಿಯಲ್ಲಿ ಬೆರಳಗಲ ಜಾಗವಿತ್ತು. ಅಕ್ಷರಗಳನ್ನು ಒತ್ತೊತ್ತಾಗಿ ಕೂರಿಸಿ ಬರೆದ.

ಲಾರಿಗಳು ಮಣ್ಣು ಸುರಿಯಲು ಶುರುಮಾಡಿದ ಬೆಳಿಗ್ಗೆ ಅಕ್ಕ ಕಚೇರಿಗೇ ಬಂದಳು. ದಂಡೆಯ ಬೇಲಿಗೆ ಅಂಟಿಸಿದ್ದ ನಕಲನ್ನು ಕಿತ್ತು ತಂದಿದ್ದಳು.

"ಓದು."

ಅವನು ಹೆಸರುಗಳಿಂದ ಶುರುಮಾಡಿದ.

"ಮೇಲಿಂದ ಓದು."

ಓದಿದ. ಆ ಕೈಬರಹ ಯಾರದೆಂದು ಅವಳಿಗೆ ಹೇಳಬೇಕಾಗಿರಲಿಲ್ಲ. ಅವನ ಕಾಪಿ ಪುಸ್ತಕಗಳ ಮುಂದೆ ದೀಪ ಹಿಡಿದು ಕೂತವಳು ಅವಳೇ.

"ಅಕ್ಕಾ, ಕೆಲಸ ಹೋಗ್ತಿತ್ತು. ಮಕ್ಕಳು ಮರಿ..."

"ಸಹಿ ಹಾಕಿದೋರೆಲ್ಲ ಹೊರಗೆ ನಿಂತಿದಾರೆ ಕಣೋ. 'ನಿನ್ ತಮ್ಮಂಗೆ ಎಷ್ಟು ಸಿಕ್ತು, ಅದ್ರಲ್ಲಿ ನಿಂಗೆಷ್ಟು?' ಅಂತ ನನ್ನ ಕೇಳ್ತಿದಾರೆ. ಏನ್ ಹೇಳ್ಲಿ?"

ಅವಳು ಹಾಳೆಯನ್ನು ಮೇಜಿನ ಮೇಲೇ ಬಿಟ್ಟು ಹೊರಟಳು.

ಗುಮಾಸ್ತ ಎದ್ದು ಕಿಟಕಿಯ ಬಳಿ ನಿಂತ. ಮೆಟ್ಟಿಲ ಮೇಲಿದ್ದ ಹೆಂಗಸರು ಮಾತು ನಿಲ್ಲಿಸಿ ಎರಡೂ ಬದಿಗೆ ಸರಿದು ಅಕ್ಕನಿಗೆ ದಾರಿ ಬಿಟ್ಟರು. ಅವಳು ಗೇಟು ದಾಟಿ, ರಸ್ತೆಯ ತಿರುವಿನವರೆಗೂ ಒಬ್ಬಳೇ ನಡೆದುಹೋದಳು. ಯಾರೂ ಅವಳ ಹಿಂದೆ ಹೋಗಲಿಲ್ಲ.