ಖಾಲಿ ಜಾಗದ ಚೀಟಿ

ಬಾಗಿಲಿಗೆ ಎದುರಾಗಿ ನಿಂತ ಆ ಒಂದು ಕಪಾಟೆಂದರೆ ಲೈಬ್ರರಿ ಅಕ್ಕನಿಗೆ ಪ್ರಾಣ. 'ಇವನ್ನು ಓದಿ ನೋಡಿ' ಎಂದು ತಾನೇ ಬರೆದು ಅಂಟಿಸಿ, ಊರಿನ ಚರಿತ್ರೆ, ಓಟು ಹೇಗೆ ಮಾರಾಟವಾಗುತ್ತದೆ, ಚರಂಡಿಗೆ ಇಳಿಯುವವರ ಬದುಕು, ಮನೆಗೆಲಸದ ಹೆಂಗಸರು ಹೇಳಿಕೊಂಡ ಸಂಗತಿಗಳು, ಹೀಗೆ ಕತೆ ಕಾದಂಬರಿಯಲ್ಲದ ಪುಸ್ತಕಗಳನ್ನೇ ಆರಿಸಿ ಜೋಡಿಸಿದ್ದಳು. ನಿಜ ಹೇಳಬೇಕೆಂದರೆ ಅವನ್ನು ಮುಟ್ಟುವವರೇ ಇರಲಿಲ್ಲ. ಪೇಪರ್ ಓದಲು ಬಂದವರು ಆ ಕಪಾಟಿಗೆ ಬೆನ್ನು ಕೊಟ್ಟು ಹರಟೆ ಹೊಡೆಯುತ್ತಿದ್ದರು.

ಕೊನೆಗೆ ಮುಟ್ಟಿದವನು ಅವಳ ಭಾವ. ಅವಳ ಸ್ವಂತ ಅಕ್ಕನ ಗಂಡ, ವಾರ್ಡಿನ ಸದಸ್ಯ, ಆ ಲೆಕ್ಕದಲ್ಲಿ ಲೈಬ್ರರಿ ಸಮಿತಿಯ ಅಧ್ಯಕ್ಷ, ಈ ಸಲ ಮತ್ತೆ ಚುನಾವಣೆಗೆ ನಿಂತವನು. ಗಂಡನಿಲ್ಲದ ನಾದಿನಿಗೆ ಈ ಕೆಲಸ ಕೊಡಿಸಿದವನೂ ಅವನೇ, ಅದನ್ನು ಊಟಕ್ಕೆ ಕರೆದಾಗಲೆಲ್ಲ ನೆನಪಿಸುವವನೂ ಅವನೇ. ಊರಿನ ಚರಿತ್ರೆ ತೆರೆದರೆ, ಅವನ ಅಪ್ಪ ಮಕ್ಕಳ ಆಟದ ಬಯಲನ್ನು ನುಂಗಿ ನೀರು ಕುಡಿದ ಪುಟವೇ ಕಣ್ಣಿಗೆ ಬೀಳಬೇಕೆ!

"ಓಟು ಮುಗಿಯೋತನಕ ಇವೆಲ್ಲ ಒಳಗಿರ್ಲಿ," ಅಂದ.

"ಇವೇನು ಪಾಪ ಮಾಡಿವೆ, ಭಾವ?"

"ಜನ ಸುಮ್ನಿದಾರೆ. ಅವರ ತಲೇಲಿ ಹುಳ ಬಿಡಬೇಡ. ತೆಗಿ ಅಂದ್ರೆ ತೆಗಿ."

ತೆಗೆದಳು. ಆದರೆ ಲೈಬ್ರರಿಯಲ್ಲಿ ಒಂದು ಪದ್ಧತಿಯಿತ್ತು. ಬೈಂಡಿಂಗಿಗೋ ರಿಪೇರಿಗೋ ಪುಸ್ತಕ ತೆಗೆದರೆ, ಅದರ ಜಾಗದಲ್ಲಿ ಹೆಸರು ಮತ್ತು ಕಾರಣ ಬರೆದ ರಟ್ಟಿನ ಚೀಟಿ ನಿಲ್ಲಿಸಬೇಕು. ಬಂದವರು ಹುಡುಕಿ ಸುಸ್ತಾಗಬಾರದಲ್ಲ. ಅವಳು ಕೂತು ಒಂದೊಂದಕ್ಕೂ ಬರೆದಳು. ಹೆಸರುಗಳು ಬೇರೆ ಬೇರೆ, ಕಾರಣ ಮಾತ್ರ ಒಂದೇ: 'ಅಧ್ಯಕ್ಷರ ಅಪ್ಪಣೆಯಂತೆ ಮತದಾನದವರೆಗೆ ತೆಗೆಯಲಾಗಿದೆ.'

ಮರುದಿನ ಪೇಪರ್ ಓದಲು ಬಂದ ದರ್ಜಿ ಕನ್ನಡಕ ಸರಿಮಾಡಿಕೊಂಡು ಚೀಟಿಗಳನ್ನೆಲ್ಲ ಓದಿದ.

"ಏನಕ್ಕಾ, ಅಂಥದ್ದೇನಿದೆ ಇವುಗಳಲ್ಲಿ?"

"ಓದಿದ್ರೆ ಗೊತ್ತಾಗ್ತಿತ್ತು."

"ಈಗ ಕೊಡಂಗಿಲ್ವಾ?"

"ಕಪಾಟಿಂದ ತೆಗಿ ಅಂದ್ರು. ಕೊಡಬೇಡ ಅನ್ಲಿಲ್ಲ."

ದರ್ಜಿ ಓಟಿನ ಪುಸ್ತಕ ಒಯ್ದ. ಅಂಗಿಯ ಅಳತೆ ಕೊಡಲು ಬಂದವರಿಗೆಲ್ಲ ಅದರದೇ ಮಾತು. ಎಷ್ಟೋ ವರ್ಷ ಆ ಕಪಾಟಿಗೆ ಬೆನ್ನು ಕೊಟ್ಟವರೇ ಈಗ ಚೀಟಿ ತೋರಿಸಿ ಇದು ಕೊಡಿ, ಅದು ಕೊಡಿ ಎಂದು ಸಾಲು ನಿಂತರು. ಲೈಬ್ರರಿ ಅಕ್ಕನಿಗೆ ನಗು ತಡೆಯುವುದೇ ಕಷ್ಟವಾಯಿತು.

ಸುದ್ದಿ ಮುಟ್ಟಿ ಭಾವ ಬುಸುಗುಡುತ್ತ ಬಂದ. ಬೆಂಚಿನ ತುಂಬ ಓದುಗರಿದ್ದರು.

"ಆ ಚೀಟಿಗಳನ್ನ ಕಿತ್ತುಹಾಕು."

"ಕೀಳ್ತೀನಿ. ಯಾಕೆ ಕಿತ್ತೆ ಅಂತ ಇನ್ನೊಂದೊಂದು ಚೀಟಿ ಬರೀಬೇಕಾಗುತ್ತೆ, ಅಷ್ಟೇ."

ಯಾರೋ ಕಿಸಕ್ಕೆಂದರು.

"ನಿನ್ನ ಅಕ್ಕನ ಮುಖ ನೋಡಿಯಾದ್ರೂ ಹೇಳಿದ್ದು ಕೇಳು."

"ಊರಿನ ಚರಿತ್ರೆ ಒಯ್ದಿರೋದು ಅಕ್ಕನೇ, ಭಾವ."

ಅವನ ಮುಖ ಕಪ್ಪಿಟ್ಟಿತು. "ನಾಳೆಯಿಂದ ನೀನು ಈ ಕುರ್ಚೀಲಿ ಕೂರಬೇಡ."

ಲೈಬ್ರರಿ ಅಕ್ಕನ ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ, ಶಾಲೆಗೆ ಹೋಗುವ ಮಗಳಿದ್ದಳು. ಬೇಡಿಕೊಳ್ಳಬಹುದಿತ್ತು. ಬೇಡಿಕೊಳ್ಳಲು ಅವಳಿಗೆ ಮನಸ್ಸೇ ಬರಲಿಲ್ಲ. ಒಂದು ರಟ್ಟಿನ ಚೀಟಿ ಎಳೆದುಕೊಂಡು ಬರೆದು, ಎದ್ದು, ಅದನ್ನು ತನ್ನ ಕುರ್ಚಿಯ ಮೇಲೆ ನಿಲ್ಲಿಸಿದಳು: 'ಲೈಬ್ರರಿ ಅಕ್ಕ. ಅಧ್ಯಕ್ಷರ ಅಪ್ಪಣೆಯಂತೆ ಮತದಾನದವರೆಗೆ ತೆಗೆಯಲಾಗಿದೆ.'

"ಮತದಾನದವರೆಗೆ ಅಂತ ನಾನೆಲ್ಲಿ ಹೇಳಿದೆ?" ಭಾವ ಗದರಿದ.

ದರ್ಜಿ ಸರಿದು ಜಾಗ ಕೊಟ್ಟ. ಅವಳು ಬೆಂಚಿನ ಮೇಲೆ ಎಲ್ಲರ ನಡುವೆ ಕೂತಳು.

"ನೀವು ಹೇಳಲಿಲ್ಲ, ಭಾವ. ಅದನ್ನ ಇವರು ಹೇಳ್ತಾರೆ."